ತೊಟ್ಟಿ ಮನೆಯ ತಂಪು

ಹೊಳೆನರಸೀಪುರ, ಅರಕಲಗೂಡು ಸೀಮೆಯಲ್ಲಿ ಉಳಿದಿರುವ ಹಳೆಯ ಒಕ್ಕಲುಮನೆಗಳನ್ನು ನೋಡಿ. ತಳಪಾಯ, ಜಗಲಿ, ಮೆಟ್ಟಿಲು, ಕಂಬದ ಬುಡ ಎಲ್ಲವೂ ಕಲ್ಲು. ಅದರ ಮೇಲಿನ ದಪ್ಪ ಗೋಡೆ ಮಾತ್ರ ಮಣ್ಣು. ಹಾಸನ ಜಿಲ್ಲೆಯಲ್ಲಿ ಕಲ್ಲಿಗೆ ಬರವಿಲ್ಲ. ಆದರೂ ಹೀಗೇಕೆ ಕಟ್ಟಿದರು?

ಖರ್ಚು ಒಂದು ಕಾರಣ, ಅದೊಂದೇ ಅಲ್ಲ. ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಮಣ್ಣು ನೆಲದ ತೇವವನ್ನು ಎಳೆದುಕೊಳ್ಳುತ್ತದೆ. ಪಠ್ಯಪುಸ್ತಕದ ಕೇಶಾಕರ್ಷಣೆ ಇದೇ. ಕಣಶಿಲೆ ನೀರು ಹೀರುವುದು ಅತ್ಯಲ್ಪ. ಆದ್ದರಿಂದ ಗೋಡೆಗೆ ಅದೇ ಕಾವಲು. ಇತ್ತ ಮಣ್ಣು, ಕಲ್ಲಿಗಿಂತ ನಿಧಾನವಾಗಿ ಶಾಖವನ್ನು ಸಾಗಿಸುತ್ತದೆ. ಮಧ್ಯಾಹ್ನದ ಬಿಸಿಲು ಗೋಡೆ ದಾಟಿ ಒಳಬರುವ ಹೊತ್ತಿಗೆ ರಾತ್ರಿಯಾಗಿ, ಹೊರಗೆ ಚಳಿ ಬಿದ್ದಿರುತ್ತದೆ.

ಮನೆಯ ನಡುವೆ ಆಕಾಶಕ್ಕೆ ತೆರೆದುಕೊಂಡ ತೊಟ್ಟಿ. ಬಿಸಿಗಾಳಿ ಹಗುರ, ಅದು ಮೇಲೇರಿ ಹೊರಹೋಗುತ್ತದೆ. ಸುತ್ತಲ ಪಡಸಾಲೆಗಿಂತ ತೊಟ್ಟಿಯ ನೆಲ ತಗ್ಗು. ಸೂರಿನಿಂದ ಸುರಿದ ಮಳೆನೀರು ಕಲ್ಲಿನ ಬಚ್ಚಲಿನಲ್ಲಿ ಹರಿದು ಹೋಗುತ್ತದೆ. ಬೆಳಕಿಗೆ ಬೇರೆ ಕಿಟಕಿಯೇ ಬೇಡ.

ರಾಗಿ ತುಂಬುವ ಹಗೇವು ನೆಲದೊಳಗಿನ ಕೋಣೆ. ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಆಮ್ಲಜನಕ ಕಾಳಿನ, ಹುಳುವಿನ ಉಸಿರಾಟಕ್ಕೆ ಖರ್ಚಾಗಿ ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಸಾಯುತ್ತದೆ, ರಾಗಿ ವರ್ಷಗಟ್ಟಲೆ ಕೆಡದು. ಆ ಗಾಳಿಯೇ ಮನುಷ್ಯನಿಗೂ ಮೃತ್ಯು. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದುದು ಅದಕ್ಕೇ. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಉರಿದರೂ ಅಪಾಯವಿಲ್ಲವೆಂದಲ್ಲ, ಮಕ್ಕಳು ಹಳೆಯ ಹಗೇವಿನ ಹತ್ತಿರ ಸುಳಿಯಲೇಬಾರದು.

ದೊಡ್ಡ ಮನೆಗೆ ಒತ್ತಿಕೊಂಡಂತೆ ದನದ ಕೊಟ್ಟಿಗೆ, ಆಚೆಗೆ ಆಳುಮಕ್ಕಳ ಗುಡಿಸಲು. ಈ ಗುಡಿಸಲುಗಳಿಗೆ ತೊಟ್ಟಿಯೂ ಇಲ್ಲ, ಕಲ್ಲಿನ ಜಗಲಿಯೂ ಇಲ್ಲ. ತೊಟ್ಟಿ ಮನೆಯನ್ನು ಹೊಗಳುವವರು ಇದನ್ನು ಮರೆಯುವುದೇ ಹೆಚ್ಚು.

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಕೈಹೆಂಚಿನ ಜಾಗಕ್ಕೆ ಮುಂದೆ ಮಂಗಳೂರು ಹೆಂಚು ಬಂದರೂ ಮನೆಯ ರೀತಿ ಬದಲಾಗಲಿಲ್ಲ. ಬದಲಾದದ್ದು ಹಿಸ್ಸೆಯಿಂದ. ಅಣ್ಣತಮ್ಮಂದಿರು ಪಾಲಾದಾಗ ತೊಟ್ಟಿಯ ನಡುವೆಯೇ ಗೋಡೆ ಎದ್ದಿತು. ಉಳಿದ ಚೂರಿಗೆ ಶೀಟು ಬಿತ್ತು. ಗಾಳಿಯ ದಾರಿ ಕಟ್ಟಿದ ಮೇಲೆ ಹಳೆಯ ಮನೆ ಸೆಕೆ ಎಂದು ದೂರಿದರೆ ಅದು ಮನೆಯ ತಪ್ಪಲ್ಲ. ಮಲೆನಾಡಿನ ಕುಪ್ಪಳಿಯಲ್ಲಿ ಕುವೆಂಪು ಅವರ ‘ಕವಿಮನೆ’ ಸಂಗ್ರಹಾಲಯವಾಗಿರುವುದರಿಂದ ಅಲ್ಲಿ ಇಡೀ ತೊಟ್ಟಿಯನ್ನು ಇಂದಿಗೂ ನೋಡಬಹುದು.

ಊರಲ್ಲಿ ಅಜ್ಜಿಯ ಮನೆಗೆ ತೊಟ್ಟಿ ಇದ್ದರೆ, ಏಪ್ರಿಲ್ ರಜೆಯಲ್ಲಿ ಒಂದು ಥರ್ಮಾಮೀಟರ್ ಒಯ್ಯಿರಿ. ಮಧ್ಯಾಹ್ನ ಎರಡು ಗಂಟೆಗೆ ಪಡಸಾಲೆಯಲ್ಲೊಮ್ಮೆ, ಪಕ್ಕದ ಆರ್‌ಸಿಸಿ ಮನೆಯಲ್ಲೊಮ್ಮೆ ನೋಡಿ ಬರೆದಿಟ್ಟುಕೊಳ್ಳಿ. ರಾತ್ರಿ ಹತ್ತಕ್ಕೆ ಮತ್ತೊಮ್ಮೆ.