ತಾಯಂದಿರ ಮೌನವ್ಯಥೆಗೆ ಮನೆಯಲ್ಲಿಯೇ ಸಾಧನೆ

ಕೆಮ್ಮಿದಾಗ, ಸೀನಿದಾಗ, ತುಂಬಿದ ಕೊಡ ಎತ್ತಿದಾಗ ಅರಿವಿಲ್ಲದೆ ಮೂತ್ರ ಜಿನುಗುವುದು. ಸಂಜೆಯಾಗುತ್ತಲೇ ಕಿಬ್ಬೊಟ್ಟೆಯ ಕೆಳಗೆ ಏನೋ ಜಾರಿದಂತೆ ಭಾರವೆನಿಸುವುದು. ಈ ಬಾಧೆಯನ್ನು ಎಷ್ಟೋ ತಾಯಂದಿರು ವರ್ಷಗಟ್ಟಲೆ ನುಂಗಿಕೊಂಡಿರುತ್ತಾರೆ. ಮಕ್ಕಳನ್ನು ಹಡೆದವರಿಗೆ ಇದು ತಪ್ಪಿದ್ದಲ್ಲವೆಂಬುದು ಅವರ ಸಮಾಧಾನ. ಇದು ಅನೇಕರಲ್ಲಿ ಕಂಡುಬರುವುದು ನಿಜ. ಸಹಿಸಿಕೊಂಡೇ ಇರಬೇಕೆಂಬುದು ನಿಜವಲ್ಲ.

ನಮ್ಮ ಸೊಂಟದ ಎಲುಬುಗಳ ತಳದಲ್ಲಿ, ಮುಂದಿನ ಎಲುಬಿನಿಂದ ಹಿಂದಿನ ಬಾಲದೆಲುಬಿನವರೆಗೆ, ಜೋಳಿಗೆಯಂತೆ ಹರಡಿಕೊಂಡ ಸ್ನಾಯುಗಳುಂಟು. ಇವೇ ಶ್ರೋಣಿತಳದ ಸ್ನಾಯುಗಳು. ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಎತ್ತಿಹಿಡಿಯುವುದು, ಮಲಮೂತ್ರಗಳನ್ನು ತಡೆಯುವುದು ಇವುಗಳ ಕೆಲಸ. ಹೆರಿಗೆ, ಮುಟ್ಟು ನಿಂತ ವಯಸ್ಸು, ಬಹುಕಾಲದ ಕೆಮ್ಮು, ಮಲಬದ್ಧತೆ, ಸ್ಥೂಲಕಾಯ, ಭಾರದ ದುಡಿಮೆ ಇವುಗಳಿಂದ ಆ ಜೋಳಿಗೆ ಸಡಿಲಗೊಳ್ಳುತ್ತದೆ.

ಚಿತ್ತಾಪುರ, ಸೇಡಂ, ಚಿಂಚೋಳಿಗಳ ತೊಗರಿ ಹೊಲಗಳಲ್ಲಿ ಹೊರೆ ಹೊರುವವರು, ಶಹಾಬಾದಿನ ಫರಸಿ ಗಣಿಗಳಲ್ಲಿ ಕಲ್ಲು ಎತ್ತುವವರು, ವಾಡಿಯ ಸಿಮೆಂಟು ಕಾರ್ಖಾನೆಯ ಸುತ್ತಲಿನ ಊರುಗಳಲ್ಲಿ ದಿನಗೂಲಿಗೆ ದುಡಿಯುವವರು ಯಾರೆಂಬುದನ್ನು ನೆನೆದರೆ ಈ ಮಾತಿನ ಮಹತ್ತ್ವ ಹೊಳೆದೀತು. ಬಾಣಂತನ ಮುಗಿಯುವ ಮೊದಲೇ ಹೊರೆಗೆ ತಲೆಯೊಡ್ಡುವ ತಾಯಿಯ ದೇಹ ತನ್ನ ಬಲವನ್ನು ಮರಳಿ ಪಡೆಯುವುದೆಂತು?

ಮೌನದ ಬೆಲೆ ದೊಡ್ಡದು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಕಲಬುರಗಿ ಜಿಲ್ಲೆಯ ಅನೇಕ ಲಂಬಾಣಿ ಮತ್ತು ದಲಿತ ಮಹಿಳೆಯರ ಗರ್ಭಕೋಶವನ್ನೇ ಅನವಶ್ಯಕವಾಗಿ ತೆಗೆದುಹಾಕಿದ ಸಂಗತಿ 2015ರಲ್ಲಿ ಬಯಲಾಯಿತು. ನ್ಯಾಯ ಬೇಡಿ ಅವರು 2017ರಲ್ಲಿ ಕಲಬುರಗಿಯಲ್ಲಿ ಪ್ರತಿಭಟಿಸಿದರು. ಶಸ್ತ್ರಚಿಕಿತ್ಸೆ ಕೆಲವರಿಗೆ ಅಗತ್ಯವೇ. ಆದರೆ ಗರ್ಭಕೋಶ ತೆಗೆದ ಮಾತ್ರಕ್ಕೆ ಸಡಿಲಾದ ಸ್ನಾಯು ಬಿಗಿಯಾಗದು. ಬೇರೆ ಉಪಾಯವುಂಟೇ ಎಂದು ಕೇಳುವುದು, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ರೋಗಿಯ ಹಕ್ಕು.

ಮೂತ್ರ ಜಿನುಗುವಿಕೆಗೆ ಮೊದಲು ಮಾಡಬೇಕಾದುದು ವ್ಯಾಯಾಮ. ಅಮೆರಿಕದ ವೈದ್ಯ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ವೈದ್ಯಲೋಕದ ಮುಂದಿಟ್ಟರು. ನಮ್ಮ ಹಠಯೋಗದ ಮೂಲಬಂಧದಲ್ಲಿಯೂ ಇದೇ ಭಾಗದ ಸಂಕೋಚನವುಂಟು. ಆದರೆ ಇಲ್ಲಿ ಉಸಿರು ಕಟ್ಟಬಾರದು.

ಕ್ರಮ ಹೀಗಿದೆ. ಮೂತ್ರ ವಿಸರ್ಜಿಸಿ ಬಂದು ಮಲಗಿ ಅಥವಾ ಕುಳಿತುಕೊಳ್ಳಿರಿ. ಅಪಾನವಾಯುವನ್ನೂ ಮೂತ್ರವನ್ನೂ ತಡೆಹಿಡಿಯುವಂತೆ ಒಳಕ್ಕೂ ಮೇಲಕ್ಕೂ ಬಿಗಿಹಿಡಿಯಿರಿ. 5 ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಪೂರ್ಣವಾಗಿ ಸಡಿಲಿಸಿರಿ. ಹೀಗೆ 10 ಸಲ, ದಿನಕ್ಕೆ 3 ಬಾರಿ. ಕ್ರಮೇಣ 10 ಎಣಿಕೆಯವರೆಗೆ ಏರಿಸಿರಿ. ಹೊಟ್ಟೆ, ತೊಡೆ, ಪೃಷ್ಠಗಳು ಬಿಗಿಯದಿರಲಿ, ಉಸಿರು ಸಹಜವಾಗಿರಲಿ. ಮೂತ್ರ ಮಾಡುವಾಗ ನಡುವೆ ತಡೆಯುವ ಅಭ್ಯಾಸ ಬೇಡ. ಕೆಮ್ಮುವ ಮೊದಲು, ಕೊಡ ಎತ್ತುವ ಮೊದಲು ಒಮ್ಮೆ ಬಿಗಿಹಿಡಿದರೆ ಜಿನುಗುವುದು ಕಡಿಮೆಯಾದೀತು. ಫಲಕ್ಕೆ 3 ತಿಂಗಳಾದರೂ ತಾಳ್ಮೆ ಬೇಕು. ಪ್ರೋಸ್ಟೇಟ್ ಶಸ್ತ್ರಚಿಕಿತ್ಸೆಯಾದ ಗಂಡಸರಿಗೂ ವೈದ್ಯರು ಇದನ್ನು ಹೇಳಿಕೊಡುತ್ತಾರೆ.

ಮೂತ್ರದಲ್ಲಿ ರಕ್ತ, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಮೂತ್ರ ಕಟ್ಟುವುದು, ಗಂಟಿನಂತೆ ಏನಾದರೂ ಹೊರಬರುವುದು ಕಂಡರೆ ತಡಮಾಡದೆ ಸರಕಾರಿ ಆಸ್ಪತ್ರೆಗೆ ತೋರಿಸಿರಿ. ಜಾರಿದ ಗರ್ಭಕೋಶಕ್ಕೆ ಆಸರೆಯಾಗಿ ಒಳಗೆ ಉಂಗುರವಿಡುವ ಚಿಕಿತ್ಸೆಯೂ ಉಂಟು. ವ್ಯಾಯಾಮದಿಂದ ನೋವು ಹೆಚ್ಚಿದರೆ ನಿಲ್ಲಿಸಿ ವೈದ್ಯರನ್ನು ಕೇಳಿರಿ.

ಕಾಯಕವನ್ನು ಕೊಂಡಾಡುವ ನಾವು ಕಾಯಕ ಮಾಡುವ ಕಾಯವನ್ನು ಮರೆಯಲಾಗದು. ಅತ್ತೆ ಸೊಸೆಗೆ, ತಾಯಿ ಮಗಳಿಗೆ ಇದನ್ನು ನಾಚದೆ ಹೇಳಿಕೊಡಲಿ. ಬಾಣಂತಿಯ ತಲೆಯ ಮೇಲಿನ ಕೊಡವನ್ನು ಮನೆಯ ಗಂಡಸರು ಇಳಿಸಿಕೊಳ್ಳಲಿ.