ತುಪ್ಪಳದೊಳಗಿನ ಗಾಳಿಯ ಲೆಕ್ಕ

ಅಲಾಸ್ಕಾ, ಕ್ಯಾಲಿಫೋರ್ನಿಯಾ ಕರಾವಳಿಯ ಕೊರೆಯುವ ನೀರಿನಲ್ಲಿ ಬಾಳುವ ಕಡಲ ನೀರುನಾಯಿಗೆ ತಿಮಿಂಗಿಲ, ಸೀಲ್‌ಗಳಿಗೆ ಇರುವಂತೆ ಚರ್ಮದಡಿ ದಪ್ಪನೆಯ ಕೊಬ್ಬಿಲ್ಲ. ಇರುವುದು ತುಪ್ಪಳ ಮಾತ್ರ. ಮನುಷ್ಯನ ಇಡೀ ತಲೆಯಲ್ಲಿರುವುದು ಸುಮಾರು ಒಂದು ಲಕ್ಷ ಕೂದಲು. ನೀರುನಾಯಿಗೆ ಮೈಯ ಕೆಲವೆಡೆ ಒಂದೇ ಚದರ ಸೆಂಟಿಮೀಟರಿನಲ್ಲಿ ಅದಕ್ಕೂ ಹೆಚ್ಚು. ಆ ಒತ್ತು ಕೂದಲಿನ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ನೀರು ಚರ್ಮವನ್ನು ಮುಟ್ಟುವುದೇ ಇಲ್ಲ.

ಲೆಕ್ಕ ಹಾಕಿಯೇ ನೋಡೋಣ. ಪ್ರಾಣಿಯ ತೂಕ 30 ಕಿಲೋ, ಮೈಯ ಹರವು ಒಂದು ಚದರ ಮೀಟರ್, ತುಪ್ಪಳದ ದಪ್ಪ ಒಂದು ಸೆಂಟಿಮೀಟರ್, ಒಳಗೂ ಹೊರಗೂ 25 ಡಿಗ್ರಿ ವ್ಯತ್ಯಾಸ ಎಂದಿಟ್ಟುಕೊಳ್ಳಿ. ಗಾಳಿಯ ಉಷ್ಣವಾಹಕತೆ ಸುಮಾರು 0.025. ಅದನ್ನು ಹರವಿನಿಂದಲೂ ಉಷ್ಣತೆಯ ವ್ಯತ್ಯಾಸದಿಂದಲೂ ಗುಣಿಸಿ, ದಪ್ಪದಿಂದ, ಅಂದರೆ 0.01 ಮೀಟರಿನಿಂದ ಭಾಗಿಸಿದರೆ ಸೋರಿಹೋಗುವ ಶಾಖ 62 ವ್ಯಾಟ್ ಚಿಲ್ಲರೆ. ಕೂದಲೂ ಒಂದಿಷ್ಟು ಶಾಖ ಸಾಗಿಸುವುದರಿಂದ ನಿಜದಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಈಗ ಗಾಳಿಯ ಜಾಗಕ್ಕೆ ನೀರು ತುಂಬಿಸಿ. ನೀರಿನ ವಾಹಕತೆ 0.6. ಉತ್ತರ 1500 ವ್ಯಾಟ್, ಬಕೆಟ್ ನೀರು ಕಾಯಿಸುವ ರಾಡಿನಷ್ಟು! ತನ್ನ ಗಾತ್ರದ ನೆಲದ ಪ್ರಾಣಿಗಿಂತ ಮೂರು ಪಟ್ಟು ಚುರುಕಾಗಿ ಶಕ್ತಿ ಉರಿಸುವ ಈ ಜೀವಿಗೆ ಸುಮ್ಮನಿದ್ದಾಗ ಹುಟ್ಟುವ ಶಾಖ 130 ವ್ಯಾಟಿನ ಆಸುಪಾಸು. ಹೀಗೆ ಬದುಕಲು ದಿನಕ್ಕೆ ಮೈತೂಕದ ಕಾಲು ಭಾಗದಷ್ಟು ಆಹಾರ ಬೇಕು.

ಅದೇ ಗಾಳಿ ತೇಲಿಸುತ್ತದೆ ಕೂಡ. ತುಪ್ಪಳದಲ್ಲಿ ಮೂರು ಲೀಟರ್ ಗಾಳಿ ಇದೆಯೆಂದರೆ ಅಷ್ಟೇ ಕಡಲ ನೀರು ಪಕ್ಕಕ್ಕೆ ಸರಿಯಬೇಕು. ಆರ್ಕಿಮಿಡಿಸನ ನಿಯಮದಂತೆ ಮೇಲಕ್ಕೆ ಮೂರು ಕಿಲೋಗೂ ತುಸು ಹೆಚ್ಚಿನ ಆಸರೆ. ಮರಿಗಳ ತುಪ್ಪಳವಂತೂ ಎಷ್ಟು ಗಾಳಿ ಹಿಡಿಯುತ್ತದೆಂದರೆ ಅವು ಮುಳುಗಬೇಕೆಂದರೂ ಮುಳುಗಲಾರವು. ತಾಯಿ ಬೇಟೆಗೆ ಇಳಿದಾಗ ಮರಿ ಬೆಂಡಿನಂತೆ ಮೇಲೆಯೇ ಇರುತ್ತದೆ.

ತಾಯಿಯ ಪಾಡು ಬೇರೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿ, ಗಾಳಿಯ ಗಾತ್ರ ಅರ್ಧ. ಮೇಲೆತ್ತುವ ಬಲವೂ ಅರ್ಧ. ಮುಳುಗಲು ಇದರಿಂದ ಅನುಕೂಲವೇ. ಆದರೆ ಗಾಳಿಯ ಪದರ ತೆಳ್ಳಗಾದಷ್ಟೂ ಚಳಿ ಒಳಗೆ ನುಗ್ಗುತ್ತದೆ. ಮೇಲೆ ಬಂದ ಮೇಲೆ ಗಂಟೆಗಟ್ಟಲೆ ಮೈ ಉಜ್ಜಿ, ತುಪ್ಪಳಕ್ಕೆ ಉಸಿರು ಊದಿ ಗಾಳಿ ತುಂಬಿಸಿಕೊಳ್ಳುವುದು ಶೋಕಿಗಲ್ಲ.

1989ರ ಮಾರ್ಚ್ 24ರಂದು ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಬಂಡೆಗೆ ಬಡಿದು ಸುಮಾರು ನಾಲ್ಕು ಕೋಟಿ ಲೀಟರ್ ಕಚ್ಚಾತೈಲ ಕಡಲಿಗೆ ಸೇರಿತು. ನೀರುನಾಯಿಗಳ ಎಣ್ಣೆ ಮೆತ್ತಿದ ಕೂದಲು ಜಡೆಗಟ್ಟಿತು, ಸಂದಿಗಳಲ್ಲಿ ನೀರು ಇಳಿಯಿತು. ಶಾಖದ ಲೆಕ್ಕವೂ ತೇಲುವ ಲೆಕ್ಕವೂ ಒಟ್ಟಿಗೇ ಕೈಕೊಟ್ಟವು. ಎಣ್ಣೆಯ ವಿಷ ಅದರ ಮೇಲೆ. ನೂರಾರು ಕಳೇಬರಗಳು ದಡ ಸೇರಿದವು. ಬದುಕುಳಿದವನ್ನು ತೊಳೆದರೂ ಕೆಲಸ ಮುಗಿಯುತ್ತಿರಲಿಲ್ಲ: ಸಾಬೂನು ಕಚ್ಚಾತೈಲದ ಜತೆ ತುಪ್ಪಳದ ಸ್ವಂತ ಜಿಡ್ಡನ್ನೂ ತೆಗೆಯುತ್ತದೆ, ಅದು ಮರಳುವವರೆಗೆ ದಿನಗಟ್ಟಲೆ ಪ್ರಾಣಿಯನ್ನು ಕಾಪಾಡಬೇಕು.

ತೇಲುವಿಕೆಗೆ ಮರದ ದಿಮ್ಮಿ, ಉಷ್ಣವಹನಕ್ಕೆ ಲೋಹದ ಸರಳು ಎಂದು ಪ್ರತಿ ವರ್ಷ ಅವೇ ಪ್ರಶ್ನೆ ಕೇಳುವ ಭೌತವಿಜ್ಞಾನದ ಮೇಷ್ಟರುಗಳು ಒಮ್ಮೆ ಈ ಪ್ರಾಣಿಯನ್ನು ಕರಿಹಲಗೆಗೆ ತರಲಿ. ಇಪ್ಪತ್ತು ಮೀಟರ್ ಆಳದಲ್ಲಿ ಆ ಮೂರು ಲೀಟರ್ ಗಾಳಿ ಎಷ್ಟಾಗುತ್ತದೆ ಎಂಬಲ್ಲಿಂದ ಶುರು ಮಾಡಬಹುದು.