ನೀರಿದ್ದೂ ಬಾಡುವ ಗಿಡ

ಮಡಿಕೇರಿಯಲ್ಲಾಗಲಿ ಉದಕಮಂಡಲದಲ್ಲಾಗಲಿ ಮಳೆಗಾಲದಲ್ಲಿ ಅಡ್ಡಾಡಿದವರು, ಮನೆಯಂಗಳದ ಪಾತಿಗಳಲ್ಲಿ ಚೆಂಡಿನಂತೆ ದುಂಡಗೆ ಅರಳಿದ ನೀಲಿ ಹೂಗೊಂಚಲುಗಳನ್ನು ಕಂಡಿರಬಹುದು. ಅದೇ ಹೈಡ್ರಾಂಜಿಯ. ಅಂಗೈಯಗಲದ ಎಲೆಗಳುಳ್ಳ ಈ ಪೊದೆಯ ತವರು ಜಪಾನಿನ ಕರಾವಳಿ. ಅಲ್ಲಿ ಅದು ಅರಳುವುದು ಜೂನ್ ತಿಂಗಳ ಜಡಿಮಳೆಯಲ್ಲಿ. ಅದರ ಹೆಸರಿನಲ್ಲಿ ಗ್ರೀಕ್ ಭಾಷೆಯ ‘ನೀರು’, ‘ಪಾತ್ರೆ’ ಎಂಬ ಎರಡು ಪದಗಳು ಸೇರಿಕೊಂಡಿವೆ. ಗಿಡದ ದಾಹವನ್ನು ಕಂಡು ಇಟ್ಟ ಹೆಸರೆಂದು ಹಲವರು ಭಾವಿಸುತ್ತಾರೆ; ನಿಜವಾಗಿ ಅದು ಹೂಜಿಯನ್ನು ಹೋಲುವ ಬೀಜಕೋಶಕ್ಕೆ ಸಂದ ಹೆಸರು.

ಇಂಥ ಗಿಡವನ್ನು ಬೇಸಗೆಯಲ್ಲಿ ಮಳೆಯನ್ನೇ ಕಾಣದ ನಾಡಿನಲ್ಲಿ ನೆಟ್ಟರೆ ಏನಾದೀತು? ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ಸ್ಯಾಕ್ರಮೆಂಟೊ ಅಂಥದೊಂದು ನಗರ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಸೆಕೆಯ ಬೆನ್ನಿಗೇ ಮುಂಗಾರು ಬಂದು ಗಿಡಮರಗಳನ್ನು ಕಾಯುತ್ತದೆ. ಅಲ್ಲಿ ಮಳೆಯೆಲ್ಲ ಚಳಿಗಾಲದ ಪಾಲು. ಜುಲೈ ತಿಂಗಳ ಮಧ್ಯಾಹ್ನ ಉಷ್ಣತೆ 38 ಡಿಗ್ರಿ ಸೆಲ್ಸಿಯಸನ್ನು ದಾಟಿದರೂ ಬಾನಿನಲ್ಲಿ ಮೋಡದ ಸುಳಿವಿರದು.

ಬೆಳಗ್ಗೆ ನಳನಳಿಸುತ್ತಿದ್ದ ಗಿಡ ಮಧ್ಯಾಹ್ನ ಎರಡು ಗಂಟೆಗೆ ಒದ್ದೆಬಟ್ಟೆಯಂತೆ ಜೋಲುತ್ತದೆ. ತೋಟಗಾರನು ಗಾಬರಿಗೊಂಡು ನೀರು ಸುರಿಯುತ್ತಾನೆ. ಮರುದಿನವೂ ಅದೇ ನೋಟ, ಅದೇ ಉಪಚಾರ. ಕೆಲವು ವಾರಗಳಲ್ಲಿ ಗಿಡ ಸತ್ತುಹೋಗುವುದುಂಟು. ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ!

ಇದರ ಕಾರಣ ಎಲೆಯಲ್ಲಿದೆ. ಎಲೆಯ ಒಳಗಣ ಗಾಳಿಯಲ್ಲಿ ನೀರಾವಿಯು ಹಿಡಿಯುವಷ್ಟೂ ತುಂಬಿರುತ್ತದೆ. ಹೊರಗಿನ ಗಾಳಿ ಒಣಗಿದಷ್ಟೂ ಪತ್ರರಂಧ್ರಗಳ ಮೂಲಕ ಆ ಆವಿ ವೇಗವಾಗಿ ಹೊರಬೀಳುತ್ತದೆ. ಎಲೆಯೂ ಗಾಳಿಯೂ ಒಂದೇ ಉಷ್ಣತೆಯಲ್ಲಿವೆ ಎಂದುಕೊಳ್ಳೋಣ. ಉಷ್ಣತೆ 25 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡ 80 ಇರುವಾಗ ಒಳ ಹೊರಗಿನ ಆವಿಯ ಒತ್ತಡಗಳ ಅಂತರ ಸುಮಾರು 0.6 ಕಿಲೊಪಾಸ್ಕಲ್. ಉಷ್ಣತೆ 38ಕ್ಕೇರಿ ಆರ್ದ್ರತೆ 20ಕ್ಕಿಳಿದರೆ ಅದು 5.3 ಆಗುತ್ತದೆ. ಎಂಟು ಪಟ್ಟಿಗೂ ಮಿಗಿಲಾದ ಸೆಳೆತ! ಗಿಡವು ಪತ್ರರಂಧ್ರಗಳನ್ನು ಕಿರಿದಾಗಿಸಿಕೊಂಡರೂ, ಅಷ್ಟು ತೆಳುವಾದ, ಅಷ್ಟು ಅಗಲವಾದ ಎಲೆಗಳು ಕಳೆದುಕೊಳ್ಳುವ ನೀರನ್ನು ಬೇರುಗಳು ಆ ವೇಗದಲ್ಲಿ ಒದಗಿಸಲಾರವು. ಬುಡದಲ್ಲಿ ನೀರಿದ್ದೂ ಗಿಡ ಬಾಡುವುದು ಹೀಗೆ.

ಆಗ ಮತ್ತೆ ನೀರೆರೆದರೆ ಮಣ್ಣಿನ ಸಂದುಗಳಲ್ಲಿದ್ದ ಗಾಳಿ ಹೊರದೂಡಲ್ಪಡುತ್ತದೆ. ಬೇರಿಗೂ ಉಸಿರಾಟಕ್ಕೆ ಆಮ್ಲಜನಕ ಬೇಕಷ್ಟೆ. ಅದು ದೊರೆಯದೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರದು. ಎಲೆ ಇನ್ನಷ್ಟು ಜೋಲುತ್ತದೆ. ಅದನ್ನು ಕಂಡು ತೋಟಗಾರನು ಇನ್ನಷ್ಟು ನೀರು ತರುತ್ತಾನೆ.

ಬೆರಳನ್ನು ಎರಡು ಅಂಗುಲ ಮಣ್ಣಿಗಿಳಿಸಿ ನೋಡಬೇಕು. ತೇವವಿದ್ದರೆ ಸಂಜೆಯವರೆಗೆ ಕಾಯುವುದೇ ಮೇಲು. ಸ್ಯಾಕ್ರಮೆಂಟೊ ನಗರಕ್ಕೆ ಬೇಸಗೆಯ ಸಂಜೆಗಳಲ್ಲಿ ಕಡಲ ಕಡೆಯಿಂದ ತಂಗಾಳಿ ಬೀಸುವುದುಂಟು. ಆ ರಾತ್ರಿಗಳ ತಂಪಿನಲ್ಲಿ ಎಲೆಗಳು ತಾವಾಗಿಯೇ ಚೇತರಿಸಿಕೊಳ್ಳುತ್ತವೆ. ಮುಂಜಾನೆಯೂ ಜೋತುಬಿದ್ದಿದ್ದರೆ, ಮಣ್ಣೂ ಒಣಗಿದ್ದರೆ, ಅದು ನಿಜವಾದ ಬಾಯಾರಿಕೆ.

ಆದುದರಿಂದ ನೀರಿಗಿಂತ ಮೊದಲು ಯೋಚಿಸಬೇಕಾದುದು ನೆಲೆಯನ್ನು. ಮನೆಯ ಮೂಡಣ ಪಕ್ಕ ಉತ್ತಮ: ಬೆಳಗಿನ ಎಳೆಬಿಸಿಲು ದೊರೆಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಗೋಡೆಯ ನೆರಳು ಬೀಳುತ್ತದೆ. ಪಡುವಣ ಗೋಡೆಯ ಬುಡವಂತೂ ಬಾಣಲೆಯೇ ಸರಿ. ದೊಡ್ಡ ಮರದ ನೆರಳೂ ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಮರದ ಬೇರುಗಳು ಪೊದೆಯ ಪಾಲಿನ ನೀರನ್ನು ಕಬಳಿಸುತ್ತವೆ. ಬುಡದ ಸುತ್ತ ಮೂರಂಗುಲ ದಪ್ಪಕ್ಕೆ ತರಗೆಲೆ ಹರಡಿ, ಕಾಂಡಕ್ಕೆ ತಾಗದಂತೆ ಬಿಟ್ಟರೆ ಮಣ್ಣು ತಂಪಾಗಿರುತ್ತದೆ. ದಿನವೂ ಚಿಮುಕಿಸುವುದಕ್ಕಿಂತ, ಬೇಕಾದಾಗ ಬೆಳಗ್ಗೆ ಆಳಕ್ಕಿಳಿಯುವಂತೆ ನೀರುಣಿಸುವುದು ಲೇಸು.

ಒಣನಾಡಿನಲ್ಲಿ ಹೂವು ನೀಲಿಯ ಬದಲು ಗುಲಾಬಿ ಬಣ್ಣ ತಾಳಿದರೆ ಅದು ರೋಗವಲ್ಲ. ಮಳೆ ಹೆಚ್ಚಾದ ಬೆಟ್ಟಸೀಮೆಯ ಮಣ್ಣು ಆಮ್ಲೀಯ. ಅಲ್ಲಿ ಅಲ್ಯುಮಿನಿಯಂ ಕರಗಿ ಗಿಡವನ್ನು ಸೇರಿ, ಹೂವಿನ ವರ್ಣದ್ರವ್ಯದೊಡನೆ ಕೂಡಿ ನೀಲಿಯನ್ನು ಉಂಟುಮಾಡುತ್ತದೆ. ಸುಣ್ಣದ ಅಂಶ ಉಳಿದ ಮಣ್ಣಿನಲ್ಲಿ ಅದು ಕರಗದು.

ಹೂವೇ ಬಾರದಿದ್ದರೆ ಬಿಸಿಲನ್ನು ಹಳಿಯುವ ಮೊದಲು ಕತ್ತರಿಯ ವಿಚಾರಣೆಯಾಗಲಿ. ಈ ಜಪಾನೀ ಜಾತಿಯ ಬಹುಪಾಲು ತಳಿಗಳು ಮುಂದಿನ ವರ್ಷದ ಮೊಗ್ಗುಗಳನ್ನು ಬೇಸಗೆಯ ಕೊನೆಯಲ್ಲೇ ಹಳೆಯ ಕೊಂಬೆಗಳ ಮೇಲೆ ಕಟ್ಟಿಟ್ಟುಕೊಳ್ಳುತ್ತವೆ. ಚಳಿಗಾಲದಲ್ಲಿ ಸವರಿದವನು ಹೂಗಳನ್ನೇ ಸವರಿದಂತೆ. ಸವರುವುದಿದ್ದರೆ ಹೂ ಮುಗಿದೊಡನೆ ಸವರಬೇಕು; ಆ ಬಳಿಕ ಮೊಗ್ಗು ಕಟ್ಟುವ ವಾರಗಳಲ್ಲಿ ಬುಡ ಒಣಗದಂತೆ ನೋಡಿಕೊಳ್ಳಬೇಕು.